ಶತ್ರುವಿನ ಅರಮನೆ

ಸೂಸಾ ನಗರದಲ್ಲಿ, ಪಾರಸಿಕ ಚಕ್ರವರ್ತಿಯ ಅರಮನೆಯ ಮುಂದೆ, ವೃದ್ಧರ ಒಂದು ಮೇಳ ನೆರೆದಿದೆ. ನಾಡಿನ ತರುಣರೆಲ್ಲರೂ ದಂಡಿನೊಡನೆ ಪಡುವಣಕ್ಕೆ ಹೋಗಿ ಬಹುಕಾಲವಾಯಿತು, ಓಲೆಯಿಲ್ಲ, ಸುದ್ದಿಯಿಲ್ಲ. ಕೆಟ್ಟ ಕನಸೊಂದನ್ನು ಕಂಡು ಕಳವಳಗೊಂಡ ರಾಜಮಾತೆಯು ಹೊರಗೆ ಬರುತ್ತಾಳೆ. ಮಾತಿನ ನಡುವೆ ಆಕೆ ವೃದ್ಧರನ್ನು ಕೇಳುತ್ತಾಳೆ: ಈ ಅಥೆನ್ಸ್ ಎಂಬ ಊರು ಎಲ್ಲಿದೆ? ಅಲ್ಲಿಯವರಿಗೆ ಒಡೆಯನಾರು? ತನ್ನ ಮಗನು ನಾಡಿಗೆ ನಾಡನ್ನೇ ಹೊರಡಿಸಿಕೊಂಡು ಯಾವ ಊರಿನ ಮೇಲೆ ದಂಡೆತ್ತಿ ಹೋಗಿದ್ದಾನೋ ಆ ಊರು ಭೂಮಿಯ ಮೇಲೆ ಎಲ್ಲಿದೆ ಎಂಬುದೇ ತಾಯಿಗೆ ತಿಳಿಯದು. ಅವರು ಯಾರ ಆಳುಗಳೂ ಅಲ್ಲವೆಂಬ ಉತ್ತರ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ದೂತನು ಓಡಿ ಬಂದು ದಂಡೆಲ್ಲವೂ ನಾಶವಾಯಿತೆಂದು ಅರುಹುತ್ತಾನೆ.

ಇದು ಎಸ್ಕಿಲಸ್ ಮಹಾಕವಿಯ ‘ಪಾರಸಿಕರು’ ಎಂಬ ರುದ್ರನಾಟಕದ ಆರಂಭ. ನಾನು ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ, ಇಷ್ಟು ದೂರ ಬರುವ ಹೊತ್ತಿಗೆ, ಯಾರಾದರೊಬ್ಬ ವಿದ್ಯಾರ್ಥಿಯು ಎದ್ದು ಕೇಳುವ ಪ್ರಶ್ನೆ ಒಂದುಂಟು: “ಇದನ್ನು ಬರೆದವನು ಪಾರಸಿಕನೇ?” ಅಲ್ಲ, ಅವನನ್ನು ಗೆದ್ದ ಗ್ರೀಕನು ಎಂದು ಹೇಳಿದರೆ ಹುಡುಗರು ನಂಬುವುದಕ್ಕೆ ಹಿಂದುಮುಂದು ನೋಡುತ್ತಾರೆ. ಅವರ ಸಂಶಯ ನ್ಯಾಯವಾದದ್ದೇ. ಈ ನಾಟಕದಲ್ಲಿ ರಂಗದ ಮೇಲೆ ಒಬ್ಬ ಗ್ರೀಕನೂ ಕಾಲಿಡುವುದಿಲ್ಲ. ಗೆದ್ದ ಪಕ್ಷದ ಒಬ್ಬ ಸೇನಾಪತಿಯ ಹೆಸರೂ ಬರುವುದಿಲ್ಲ. ಹೆಸರುಗಳಿಗೇನೂ ಕೊರತೆಯಿಲ್ಲ, ಸಾಲು ಸಾಲಾಗಿ ಬರುತ್ತವೆ. ಆದರೆ ಅವೆಲ್ಲವೂ ಸತ್ತ ಪಾರಸಿಕರ ಹೆಸರುಗಳು.

ಹಳೆಯ ನಾಟಕಗಳನ್ನು ಹೊಸ ಕಾಲದವರು ಆಡುವಾಗ ದೇಶದೇಶಗಳ ನಡುವಣ ರಾಜಕೀಯವು ಅವುಗಳೊಳಗೆ ಹೇಗೆ ಹೊಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ. ಇಂಥ ಸಂದರ್ಭದಲ್ಲಿ ‘ಆಂಟಿಗೊನೆ’ಯ ಮಾತನ್ನೆತ್ತುವುದು ರೂಢಿ. ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ 1944ರಲ್ಲಿ ಆನೂಯಿ ಎಂಬ ನಾಟಕಕಾರನ ‘ಆಂಟಿಗೊನೆ’ ರಂಗವನ್ನೇರಿತು. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ಅದೇ ಕಥೆಯನ್ನು ಆಡಿದಾಗ ನೆಲ್ಸನ್ ಮಂಡೇಲ ಅವರೇ ಕ್ರೆಯಾನ್ ರಾಜನ ಪಾತ್ರವನ್ನು ವಹಿಸಿದರು. ಅದು ಒಂದು ದೊಡ್ಡ ಕಥೆ. ಬಲ್ಲವರು ಬಹಳ ಮಂದಿ ಹೇಳಿದ್ದಾರೆ. ಆದರೆ ಆಂಟಿಗೊನೆಯ ಜಗಳ ಒಂದೇ ಊರಿನೊಳಗಿನ, ಒಂದೇ ಮನೆಯೊಳಗಿನ ಜಗಳ. ಗಡಿಯನ್ನು ದಾಟಿ ಹೋಗಿ, ಶತ್ರುವಿನ ಮನೆಯಲ್ಲಿ ಕುಳಿತು, ಅವನ ಅಳಲನ್ನು ಕೇಳಿ ಬಾ ಎಂದು ಪ್ರೇಕ್ಷಕನನ್ನು ಕಳುಹಿಸುವ ನಾಟಕ ‘ಪಾರಸಿಕರು’. ಆದಕಾರಣ ಇಂದು ಅದೊಂದನ್ನೇ ಹಿಡಿದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾಟಕವು ಮೊದಲು ಆಡಲ್ಪಟ್ಟದ್ದು ಕ್ರಿ. ಪೂ. 472ರಲ್ಲಿ, ಅಥೆನ್ಸ್ ನಗರದಲ್ಲಿ. ಸಾಲಮಿಸ್ ಜಲಸಂಧಿಯ ನೌಕಾಯುದ್ಧ ಮುಗಿದು ಆಗ ಎಂಟೇ ವರ್ಷಗಳಾಗಿದ್ದವು. ಪ್ರೇಕ್ಷಕರಲ್ಲಿ ಬಹುಮಂದಿ ಆ ಯುದ್ಧದಲ್ಲಿ ಹುಟ್ಟು ಹಾಕಿದವರು, ಇಲ್ಲವೆ ಈಟಿ ಹಿಡಿದವರು. ಅವರು ಕುಳಿತದ್ದು ಅಕ್ರಾಪೊಲಿಸ್ ಗುಡ್ಡದ ತೆಂಕಣ ಇಳಿಜಾರಿನಲ್ಲಿ. ತಲೆಯ ಮೇಲ್ಗಡೆ, ಗುಡ್ಡದ ನೆತ್ತಿಯಲ್ಲಿ, ಪಾರಸಿಕರು ಸುಟ್ಟುಹಾಕಿದ ದೇವಾಲಯಗಳ ಹಾಳು ಹಾಗೆಯೇ ಬಿದ್ದಿತ್ತು. ಇಂದು ನಾವು ಚಿತ್ರಗಳಲ್ಲಿ ನೋಡುವ ಪಾರ್ಥೆನಾನ್ ದೇಗುಲದ ಕೆಲಸ ತೊಡಗಿದ್ದು ಇನ್ನೂ ಇಪ್ಪತ್ತೈದು ವರ್ಷಗಳ ಮೇಲೆ, ಕ್ರಿ. ಪೂ. 447ರಲ್ಲಿ. ತಮ್ಮ ದೇವರ ಮನೆಯನ್ನು ಸುಟ್ಟವರ ತಾಯಂದಿರು ಹೇಗೆ ಅತ್ತರೆಂಬುದನ್ನು ಆ ಜನ ಆ ಜಾಗದಲ್ಲಿ ಕುಳಿತು ನೋಡಿದರು. ನೋಡಿ, ಮೊದಲನೆಯ ಬಹುಮಾನವನ್ನೂ ಕೊಟ್ಟರು. ನಾಟಕದ ಮೇಳದ ವೆಚ್ಚವನ್ನು ವಹಿಸಿಕೊಂಡವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್.

ಇದೇ ಜನರು ಇದಕ್ಕೆ ಇಪ್ಪತ್ತು ವರ್ಷಗಳಷ್ಟು ಹಿಂದೆ ಹೇಗೆ ನಡೆದುಕೊಂಡರೆಂಬುದನ್ನು ಹೆರೊಡೊಟಸ್ ಬರೆದಿದ್ದಾನೆ. ಕ್ರಿ. ಪೂ. 494ರಲ್ಲಿ ಮಿಲೇಟಸ್ ಎಂಬ ಗ್ರೀಕ್ ಪಟ್ಟಣವು ಪಾರಸಿಕರ ಕೈಗೆ ಬಿದ್ದಿತು. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದನು. ನೋಡಿದವರೆಲ್ಲ ಗೊಳೋ ಎಂದು ಅತ್ತುಬಿಟ್ಟರು. ಆಮೇಲೆ, ನಮ್ಮ ಮನೆಯ ದುಃಖವನ್ನು ನಮಗೇ ನೆನಪಿಗೆ ತಂದನೆಂದು ಕವಿಗೆ ಸಾವಿರ ದ್ರಾಖ್ಮ ದಂಡ ಹಾಕಿ, ಆ ನಾಟಕವನ್ನು ಇನ್ನೆಂದೂ ಆಡಕೂಡದೆಂದು ಕಟ್ಟುಮಾಡಿದರು. ತಮ್ಮವರ ಗೋಳನ್ನು ತೋರಿಸಿದವನಿಗೆ ದಂಡ, ಹಗೆಗಳ ಗೋಳನ್ನು ತೋರಿಸಿದವನಿಗೆ ಬಹುಮಾನ! ಹಾಗಾದರೆ ಆ ಬಹುಮಾನ ಕರುಣೆಗೆ ಸಂದದ್ದೋ, ಕೊಬ್ಬಿಗೆ ಸಂದದ್ದೋ? ಶತ್ರುವಿನ ಹೆಂಗಸರು ಎದೆ ಬಡಿದುಕೊಳ್ಳುವುದನ್ನು ಕಂಡು ಅಥೆನ್ಸಿನವರ ಮನ ಕರಗಿತೋ, ಬೆರೆತು ಬೀಗಿತೋ?

ಈ ಪ್ರಶ್ನೆ ಹೊಸದಲ್ಲ. ಅರಿಸ್ಟೊಫನೀಸನ ‘ಕಪ್ಪೆಗಳು’ ಎಂಬ ಪ್ರಹಸನ ಕ್ರಿ. ಪೂ. 405ರದು. ಅದರಲ್ಲಿ ಸತ್ತು ಪಾತಾಳದಲ್ಲಿರುವ ಎಸ್ಕಿಲಸನೇ ಬಂದು, ಹಗೆಗಳನ್ನು ಗೆಲ್ಲುವ ಹಂಬಲವನ್ನು ಜನರಿಗೆ ‘ಪಾರಸಿಕರು’ ನಾಟಕದಿಂದ ಕಲಿಸಿದೆನೆಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಪ್ರಹಸನದ ಮಾತನ್ನು ಸಾಕ್ಷಿಯೆಂದು ಹಿಡಿಯಲಾಗದು, ನಿಜ. ಆದರೂ ಹಾಗೆ ಓದುವವರು ಆಗಲೇ ಇದ್ದರೆಂಬುದು ಅದರಿಂದ ತಿಳಿಯುತ್ತದೆ. ನಮ್ಮ ಕಾಲದಲ್ಲಿ, 1978ರಲ್ಲಿ, ಎಡ್ವರ್ಡ್ ಸಯೀದ್ ಎಂಬ ಪ್ಯಾಲೆಸ್ತೀನ್ ಮೂಲದ ಪಂಡಿತರು ಇನ್ನೂ ಕಟುವಾದ ಆಕ್ಷೇಪಣೆಯನ್ನೆತ್ತಿದರು. ಏಷ್ಯಾಖಂಡವು ಇಲ್ಲಿ ತಾನಾಗಿ ಮಾತಾಡುವುದಿಲ್ಲ. ಯೂರೋಪು ಅದರ ಬಾಯಲ್ಲಿ ತನ್ನ ಮಾತನ್ನು ಇಟ್ಟಿದೆ. ಪೂರ್ವದೇಶದವರೆಂದರೆ ಸೋತವರು, ಅಳುವವರು ಎಂಬ ಕಲ್ಪನೆಯ ಬೇರು ಇಂಥಲ್ಲಿದೆ ಎಂಬುದು ಅವರ ವಾದದ ಸಾರ. ಏಷ್ಯಾದವರಾದ ನಾವು ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅರಮನೆಯ ಬೆಡಗು, ಚಿನ್ನದ ರಾಶಿ, ನೆಲಕ್ಕೆ ಬಿದ್ದು ನಮಸ್ಕರಿಸುವ ಆಸ್ಥಾನಿಕರು, ಇವೆಲ್ಲ ನಾಟಕದಲ್ಲಿ ಇವೆ. ಅವು ಗ್ರೀಕನು ದೂರದಿಂದ ಕಂಡ ಪೂರ್ವದೇಶವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಆಕ್ಷೇಪಣೆಯ ಲೆಕ್ಕಕ್ಕೆ ಸಿಕ್ಕದೆ ಉಳಿಯುವುದು ಒಂದಿದೆ. ನಾಟಕದ ನಡುವೆ ರಾಜಮಾತೆಯೂ ವೃದ್ಧರೂ ಕೂಡಿ ಸತ್ತ ಚಕ್ರವರ್ತಿ ದರಾಯಸನ ಪ್ರೇತವನ್ನು ಗೋರಿಯಿಂದ ಎಬ್ಬಿಸುತ್ತಾರೆ. ಕವಿ ಈ ಪ್ರೇತಕ್ಕೆ ಕೊಟ್ಟಿರುವ ಗಾಂಭೀರ್ಯವನ್ನು ನಾಟಕದಲ್ಲಿ ಇನ್ನಾರಿಗೂ ಕೊಟ್ಟಿಲ್ಲ. ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳ ಸೇತುವೆ ಕಟ್ಟಿ, ದೇವರು ಬೇರ್ಪಡಿಸಿದ ಎರಡು ನೆಲಗಳನ್ನು ಒಂದೇ ನೊಗಕ್ಕೆ ಹೂಡಹೊರಟದ್ದು ಮಗ ಕ್ಸರ್ಕ್ಸೀಸನ ಅವಿವೇಕವೆಂದು ಪ್ರೇತವು ಮರುಗುತ್ತದೆ. ಚರಿತ್ರೆಯನ್ನು ಬಲ್ಲವರಿಗೆ ಇದು ಸೋಜಿಗ. ದರಾಯಸನೇ ಹಿಂದೆ ಬಾಸ್ಪೊರಸ್ ಜಲಸಂಧಿಗೆ ಸೇತುವೆ ಕಟ್ಟಿಸಿ ದಂಡು ದಾಟಿಸಿದ್ದನು. ಅವನು ಕಳುಹಿಸಿದ ಸೇನೆಯೇ ಕ್ರಿ. ಪೂ. 490ರಲ್ಲಿ ಮಾರಥಾನ್ ಬಯಲಿನಲ್ಲಿ ಕಾದಿತು. ಅಲ್ಲಿ ಕಾದಿದ ಅಥೆನ್ಸಿನವರಲ್ಲಿ ಎಸ್ಕಿಲಸನೊಬ್ಬ. ಅವನ ಒಡಹುಟ್ಟಿದ ಕಿನಗೈರಸನು ಶತ್ರುಗಳ ಹಡಗನ್ನು ಹಿಡಿಯಹೋಗಿ, ಕೈ ಕತ್ತರಿಸಲ್ಪಟ್ಟು, ಅಲ್ಲೇ ಮಡಿದನೆಂದು ಹೆರೊಡೊಟಸನ ಗ್ರಂಥದಲ್ಲಿದೆ. ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಯಾವ ಅರಸನ ಸೇನೆ ಕೊಂದಿತೋ ಆ ಅರಸನ ಬಾಯಲ್ಲಿ ಮತ್ತೊಬ್ಬನು ನಾಟಕದ ಅತ್ಯಂತ ವಿವೇಕದ ಮಾತುಗಳನ್ನು ಇಟ್ಟಿದ್ದಾನೆ. ಇದನ್ನು ಬರಿಯ ಕೊಬ್ಬೆಂದು ಕರೆಯಲು ನನಗೆ ನಾಲಗೆ ಏಳದು.

ಈಗ ಕನ್ನಡದ ಮಾತಿಗೆ ಬರೋಣ. ಪೂಜ್ಯ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಮೇಲಣ ತಮ್ಮ ಪ್ರೀತಿಯಿಂದ ಎರಡು ಕೃತಿಗಳನ್ನು ಕನ್ನಡಕ್ಕೆ ಕೊಟ್ಟರು. ಸೊಫೋಕ್ಲೀಸನ ‘ಅಯಾಸ್’ ನಾಟಕವು 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. ಎಸ್ಕಿಲಸನ ನಾಟಕವು 1935ರಲ್ಲಿ ‘ಪಾರಸಿಕರು’ ಆಯಿತು. ಕುತೂಹಲದ ಸಂಗತಿಯೆಂದರೆ, ಅವರು ಎರಡನ್ನೂ ಒಂದೇ ರೀತಿಯಲ್ಲಿ ತರಲಿಲ್ಲ. ಮೊದಲನೆಯದರಲ್ಲಿ ಗ್ರೀಕ್ ವೀರನು ದ್ರೋಣಪುತ್ರನಾದನು, ತ್ರಾಯ್ ಪಟ್ಟಣದ ಪಾಳೆಯವು ಕುರುಕ್ಷೇತ್ರವಾಯಿತು. ಚಿರಂಜೀವಿಯೆಂದು ನಾವೆಲ್ಲ ನಂಬಿದ್ದ ಅಶ್ವತ್ಥಾಮನು ತನ್ನ ಕೈಯಾರೆ ಸತ್ತನು. ಎರಡನೆಯದರಲ್ಲಿ ಅವರು ಏನನ್ನೂ ಕದಲಿಸಲಿಲ್ಲ. ಸೂಸಾ ನಗರ ಸೂಸಾ ಆಗಿಯೇ ಉಳಿಯಿತು, ಪಾರಸಿಕರು ಪಾರಸಿಕರಾಗಿಯೇ ಅತ್ತರು.

ಇದಾದ ಅರ್ಧ ಶತಮಾನದ ಮೇಲೆ ಅಮೆರಿಕದ ಪೀಟರ್ ಸೆಲರ್ಸ್ ಎಂಬ ನಿರ್ದೇಶಕರು, ರಾಬರ್ಟ್ ಆಲೆಟ ಎಂಬ ಲೇಖಕರ ನೆರವಿನಿಂದ, ಇವೇ ಎರಡು ನಾಟಕಗಳನ್ನು ಕೈಗೆತ್ತಿಕೊಂಡರು: 1986ರಲ್ಲಿ ‘ಅಯಾಸ್’, 1993ರಲ್ಲಿ ‘ಪಾರಸಿಕರು’. ಮೊದಲನೆಯದರಲ್ಲಿ ಅವರು ಮಾಡಿದ್ದು ಒಂದು ಬಗೆಯಲ್ಲಿ ನಮ್ಮ ಶ್ರೀಯವರ ಕೆಲಸವೇ. ಗ್ರೀಕ್ ವೀರನು ಲ್ಯಾಟಿನ್ ಅಮೆರಿಕದಲ್ಲಿ ನಡೆದ ಒಂದು ಕಲ್ಪಿತ ಯುದ್ಧವನ್ನು ಗೆದ್ದು ಬಂದ ಅಮೆರಿಕದ ದಂಡನಾಯಕನಾದನು. ಆಟವೆಲ್ಲ ಯುದ್ಧ ಖಾತೆಯ ಕಚೇರಿಯ ಹಿಂಬಾಗಿಲಲ್ಲಿ ನಡೆಯಿತು. ನಾಯಕನನ್ನು ನೆತ್ತರು ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ತೋರಿಸಿದರು. ಆ ಪಾತ್ರವನ್ನು ವಹಿಸಿದ ಹೋವಿ ಸೀಗೊ ಅವರು ಕಿವಿ ಕೇಳದವರು, ಮಾತೆಲ್ಲವೂ ಕೈಸನ್ನೆಯಲ್ಲಿ. ತನ್ನ ಕಥೆಯನ್ನು ತನ್ನ ಜನಕ್ಕೆ ತಿಳಿಸಲಾರದೆ ಒದ್ದಾಡುವ ವೀರನಿಗೆ ಇದಕ್ಕಿಂತ ಒಪ್ಪುವ ನುಡಿ ಸಿಕ್ಕುವುದು ಕಷ್ಟ. ನನ್ನ ಮಟ್ಟಿಗೆ ಇದು ಸಾರ್ಥಕವಾದ ರೂಪಾಂತರ. ಏಕೆಂದರೆ ಇಲ್ಲಿ ವೀರನು ನಮ್ಮವನು. ನಮ್ಮವನನ್ನು ಯಾವ ವೇಷದಲ್ಲಿ ತಂದರೂ ಅವನು ನಮ್ಮವನೇ.

‘ಪಾರಸಿಕರು’ ನಾಟಕದಲ್ಲಿ ಹಾಗಲ್ಲ. ಸೆಲರ್ಸ್ ಅವರು ಪಾರಸಿಕರನ್ನು ಇರಾಕಿನವರನ್ನಾಗಿ ಮಾಡಿದರು. ಇರಾಕ್ 1990ರಲ್ಲಿ ಕುವೈತಿನ ಗಡಿಯನ್ನು ದಾಟಿತು. 1991ರಲ್ಲಿ ಅಮೆರಿಕವೂ ಅದರ ಮಿತ್ರರಾಜ್ಯಗಳೂ ಅದನ್ನು ಹೊಡೆದೋಡಿಸಿದುವು. ಎರಡು ವರ್ಷಗಳಾಗುವಷ್ಟರಲ್ಲಿ, ಅಮೆರಿಕದ ನಟರು, ಸೋತ ಇರಾಕಿನವರಾಗಿ, ಬರಿದಾದ ರಂಗದ ಮೇಲೆ ನಿಂತು, ತಮ್ಮ ಊರಿನ ಮೇಲೆ ಬಾಂಬುಗಳು ಬಿದ್ದ ಬಗೆಯನ್ನು ಹೇಳಿದರು. ನುಬಿಯಾ ನಾಡಿನ ಹಮ್ಜಾ ಎಲ್ ದಿನ್ ಅವರ ಸಂಗೀತವಿತ್ತು. ದರಾಯಸನ ಪ್ರೇತವಾಗಿ ಅದೇ ಸೀಗೊ ಅವರು ಸನ್ನೆಗಳಿಂದ ನುಡಿದರು. ನಾಟಕವು ಸಾಲ್ಜ್‌ಬರ್ಗ್, ಎಡಿನ್‌ಬರೊ ನಗರಗಳ ಉತ್ಸವಗಳಲ್ಲಿ ನಡೆದು ಲಾಸ್ ಏಂಜಲಿಸ್‌ಗೆ ಬಂದಿತು. ಅಲ್ಲಿ ಪ್ರೇಕ್ಷಕರಲ್ಲಿ ಅನೇಕರು ನಾಟಕದ ನಡುವೆಯೇ ಎದ್ದು ಹೊರಟುಹೋದರು.

ಎದ್ದು ಹೋದವರನ್ನು ಹಳಿಯುವುದು ಸುಲಭ. ಶತ್ರುವಿನ ಅಳಲನ್ನು ಕೇಳುವಷ್ಟು ಧೈರ್ಯ ಇವರಿಗಿಲ್ಲದೆ ಹೋಯಿತು, ಅಥೆನ್ಸಿನವರು ಎಷ್ಟೋ ಮೇಲು ಎಂದು ಹೇಳಿಬಿಡಬಹುದು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ಈಗ ಅಷ್ಟು ಖಂಡಿತವಾಗಿ ಹೇಳಲಾರೆ. ಅಥೆನ್ಸಿನವರು ಗೆದ್ದದ್ದು ತಮ್ಮ ಮನೆಯ ಬಾಗಿಲಲ್ಲಿ, ತಮ್ಮ ಊರು ಸುಟ್ಟುಹೋದ ಮೇಲೆ. ಅಮೆರಿಕದವರು ಗೆದ್ದದ್ದು ಸಮುದ್ರಗಳಾಚೆ. ಅವರ ಊರಿನ ಒಂದು ಹೆಂಚೂ ಆ ಯುದ್ಧದಲ್ಲಿ ಒಡೆಯಲಿಲ್ಲ. ಸೂಸಾ ನಗರದ ಮೇಲೆ ಒಂದು ಬಾಣವೂ ಬೀಳಲಿಲ್ಲ. ಬಾಗ್ದಾದಿನ ಮೇಲೆ ಬಾಂಬುಗಳು ಸುರಿದವು. ಹೀಗೆ ಇದು ಅದು, ಅವನು ಇವನು ಎಂದು ಗೆರೆಗೆ ಗೆರೆ ಕೂಡಿಸುತ್ತ ಹೋದರೆ ಗೆರೆಗಳು ಕೂಡುವುದಿಲ್ಲ. ಕೂಡದಿರುವುದನ್ನು ಬಲವಂತವಾಗಿ ಕೂಡಿಸಿದಾಗ ಪ್ರೇಕ್ಷಕನ ಮನಸ್ಸು ಕರುಣೆಯನ್ನು ಬಿಟ್ಟು ವಾದಕ್ಕೆ ನಿಲ್ಲುತ್ತದೆ. ನಾಟಕಶಾಲೆಗೆ ಬಂದವನು ನ್ಯಾಯಸ್ಥಾನದಲ್ಲಿ ನಿಂತಂತಾಗುತ್ತದೆ.

ಹೀಗೆ ಹೇಳುವುದಕ್ಕೆ ನನಗೆ ಒಂದು ಆಧಾರವುಂಟು. ಅಮೆರಿಕವು 2003ರಲ್ಲಿ ಇರಾಕಿನ ಮೇಲೆ ಮತ್ತೆ ದಂಡೆತ್ತಿ ಹೋಯಿತು. ಅದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಇದೇ ನಾಟಕವು ಎಲೆನ್ ಮೆಕ್ಲಾಕ್ಲಿನ್ ಎಂಬ ಲೇಖಕಿಯ ಹೊಸ ಪಾಠದಲ್ಲಿ ರಂಗವನ್ನೇರಿತು. ಈ ಸಲ ಪಾರಸಿಕರಿಗೆ ಯಾರ ವೇಷವನ್ನೂ ಹಾಕಬೇಕಾದ ಅಗತ್ಯವೇ ಬೀಳಲಿಲ್ಲ. ತಂದೆಗಿಂತ ತಾನು ಕಡಮೆಯೆಂಬ ಮಾತನ್ನು ಸಹಿಸಲಾರದೆ, ದೊಡ್ಡ ಸೇನೆಯನ್ನು ದೂರದ ನಾಡಿಗೆ ನಡೆಸಿದ ಮಗನ ಕಥೆಯನ್ನು ಕೇಳಿದಾಗ ನೋಡಿದವರಲ್ಲಿ ಅನೇಕರಿಗೆ ತಮ್ಮ ಅಧ್ಯಕ್ಷನ ನೆನಪಾಯಿತು. 1991ರ ಯುದ್ಧವನ್ನು ನಡೆಸಿದವರು ಅವರ ತಂದೆಯಷ್ಟೆ! ಹತ್ತು ವರ್ಷಗಳ ಹಿಂದೆ ಪಾರಸಿಕರೆಂದರೆ ಇರಾಕಿನವರು. ಈಗ ಪಾರಸಿಕರೆಂದರೆ ತಾವೇ. ನಾಟಕದ ಕಥೆಯಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಬೇಕಾಗಲಿಲ್ಲ. ಶತ್ರುವಿನ ಅರಮನೆಯೆಂದು ಒಳಹೊಕ್ಕವರು ಗೋಡೆಯ ಮೇಲೆ ತಮ್ಮ ತಂದೆಯ ಪಟವನ್ನೇ ಕಂಡರು ಎನ್ನಬೇಕು.

ಬರ್ಲಿನ್ ನಗರದಲ್ಲಿ 2006ರಲ್ಲಿ ಡಿಮಿಟರ್ ಗಾಟ್ಷೆಫ್ ಎಂಬ ಬಲ್ಗೇರಿಯ ದೇಶದ ನಿರ್ದೇಶಕರು ಇದನ್ನು ಆಡಿಸಿದ ಬಗೆ ಇನ್ನೂ ಸರಳ. ರಂಗದ ಮೇಲೆ ಎತ್ತರವಾದ ಒಂದು ಗೋಡೆ. ಅದು ನಡುಗಂಬದ ಸುತ್ತ ತಿರುಗಬಲ್ಲುದು. ನಾಟಕ ತೊಡಗುವ ಮುನ್ನ ಗೋಡೆಯ ಆಚೆಗೊಬ್ಬ, ಈಚೆಗೊಬ್ಬ ಬಂದು ನಿಲ್ಲುತ್ತಾರೆ. ಮೊದಮೊದಲು ಬಲು ಮರ್ಯಾದೆ. ಒಬ್ಬನು ಗೋಡೆಯನ್ನು ಒಂದಿಷ್ಟು ತಳ್ಳುತ್ತಾನೆ. ಮತ್ತೊಬ್ಬನು ನಗುನಗುತ್ತಲೇ ಅದನ್ನು ಹಿಂದಕ್ಕೆ ತಳ್ಳುತ್ತಾನೆ. ನಗು ಸಣ್ಣಗಾಗುತ್ತದೆ, ತಳ್ಳಾಟ ದೊಡ್ಡದಾಗುತ್ತದೆ. ಕೊನೆಗೆ ಇಬ್ಬರೂ ಮೈಮರೆತು ಗೋಡೆಯೊಡನೆ ಸುತ್ತುತ್ತಾರೆ. ಬರ್ಲಿನ್ ನಗರದವರಿಗೆ ಗೋಡೆಯೆಂದರೆ ಏನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗದ್ದೆಯ ಬದುವನ್ನು ರಾತ್ರೋರಾತ್ರಿ ಒಂದು ಗೇಣು ಸರಿಸುವ ನಮ್ಮ ಹಳ್ಳಿಯವನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ವೇಲ್ಸ್ ನಾಡಿನ ಪ್ರಯೋಗ. ಬ್ರೆಕಾನ್ ಬೆಟ್ಟಗಳ ಸೀಮೆಯಲ್ಲಿ ಎಪಿಂಟ್ ಎಂಬ ಮೇಟುನೆಲವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟಿಷ್ ಸರ್ಕಾರವು ದಂಡಿನ ತರಬೇತಿಗಾಗಿ ಆ ನೆಲವನ್ನು ತೆಗೆದುಕೊಂಡಿತು. ಅಲ್ಲಿದ್ದ 54 ಒಕ್ಕಲು ಮನೆಗಳ 219 ಜನ ಹೊರಡಬೇಕಾಯಿತು. ಅದು ವೇಲ್ಸ್ ನುಡಿಯನ್ನೇ ಆಡುತ್ತಿದ್ದ ಸೀಮೆ. ಜನ ಚದರಿದೊಡನೆ ಅಲ್ಲಿ ಆ ನುಡಿಯೂ ಅಡಗಿತು. ಯುದ್ಧ ಮುಗಿದರೂ ನೆಲ ಹಿಂದಿರುಗಲಿಲ್ಲ. ಆಮೇಲೆ ಸೈನಿಕರು ಬೀದಿ ಕಾಳಗವನ್ನು ಕಲಿಯಲೆಂದು ಅಲ್ಲಿ ಒಂದು ಸುಳ್ಳು ಹಳ್ಳಿಯನ್ನು ಕಟ್ಟಿದರು: ಯಾವುದೋ ಯೂರೋಪಿನ ಊರಿನಂತೆ ಕಾಣುವ ಮನೆಗಳು, ಯಾರೂ ಎಂದೂ ಬಾಳದ ಮನೆಗಳು. ವೇಲ್ಸ್ ರಾಷ್ಟ್ರೀಯ ರಂಗಭೂಮಿಯವರು 2010ರ ಆಗಸ್ಟ್ ತಿಂಗಳಲ್ಲಿ ಪ್ರೇಕ್ಷಕರನ್ನು ಬಸ್ಸುಗಳಲ್ಲಿ ಅಲ್ಲಿಗೆ ಕರೆದೊಯ್ದು ‘ಪಾರಸಿಕರು’ ನಾಟಕವನ್ನು ಆಡಿದರು. ಪಾಠ ಕೇಟ್ ಒರೈಲಿ ಅವರದು. ನಿರ್ದೇಶನ ಮೈಕ್ ಪಿಯರ್ಸನ್ ಅವರದು. ಆಗ ಬ್ರಿಟನ್ನಿನ ಸೈನಿಕರು ಆಫ್ಘಾನಿಸ್ತಾನದಲ್ಲಿ ಕಾದುತ್ತಿದ್ದರು.

ಇಲ್ಲಿ ಪಾರಸಿಕರನ್ನು ಇಂಥವರೇ ಎಂದು ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ. ನೆಲವೇ ಎಲ್ಲವನ್ನೂ ತೋರಿಸುತ್ತಿತ್ತು. ಯುದ್ಧಕ್ಕೆ ಹೋದವನು ಕೊಲ್ಲುವುದನ್ನು ಕಲಿತ ಬೀದಿಯಲ್ಲಿಯೇ ಪ್ರೇಕ್ಷಕನು ನಡೆದು ಹೋಗಿ, ಸತ್ತವರ ತಾಯಿಯ ಅಳಲನ್ನು ಕೇಳುತ್ತಾನೆ. ಅವನ ಕಾಲಡಿಯಲ್ಲಿ, ಶತ್ರುವಿನಿಂದಲ್ಲ, ತನ್ನದೇ ಸರ್ಕಾರದಿಂದ ಒಕ್ಕಲೆದ್ದವರ ಹೊಲಗಳಿವೆ. ಗಡಿಯೆಂಬುದು ಎರಡು ದೇಶಗಳ ನಡುವೆ ಮಾತ್ರ ಇರುವುದಿಲ್ಲವೆಂಬುದನ್ನು ಯಾವ ಭಾಷಣವೂ ಇಲ್ಲದೆ ಆ ಜಾಗ ಹೇಳಿತು.

ಇದನ್ನೆಲ್ಲ ನೆನೆದಾಗ ಶ್ರೀಯವರು ಅಶ್ವತ್ಥಾಮನನ್ನು ನಮ್ಮವನನ್ನಾಗಿ ಮಾಡಿ, ಪಾರಸಿಕರನ್ನು ಮಾತ್ರ ಅವರ ಮನೆಯಲ್ಲಿಯೇ ಬಿಟ್ಟದ್ದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅವರ ಕಾರಣವೇನಿತ್ತೋ ಅವರಿಗೇ ಗೊತ್ತು. ಓದುಗನಾದ ನನಗೆ ಕಾಣುವ ಕಾರಣವಿಷ್ಟು: ಶತ್ರುವಿಗೆ ನಮ್ಮ ವೇಷ ಹಾಕಿದರೆ ಅವನು ಶತ್ರುವಾಗಿ ಉಳಿಯುವುದಿಲ್ಲ, ಪಕ್ಕದ ಮನೆಯವನ ವೇಷ ಹಾಕಿದರೆ ನಾವು ಅವನ ಮೀಸೆಯನ್ನು ನೋಡುತ್ತೇವೆಯೇ ಹೊರತು ಕಣ್ಣೀರನ್ನು ನೋಡುವುದಿಲ್ಲ. ನಮ್ಮಲ್ಲಿ ಯಾವುದಾದರೊಂದು ತಂಡದವರು ಈ ನಾಟಕವನ್ನು ಕನ್ನಡದಲ್ಲಿ ಆಡುವ ಮನಸ್ಸು ಮಾಡಿದರೆ, ಗಡಿಯಾಚೆಯ ನೆರೆಯವರ ಉಡುಪನ್ನು ಹುಡುಕಿ ತರುವ ಶ್ರಮವನ್ನು ಬಿಟ್ಟುಬಿಡಲಿ ಎಂದು ನನ್ನ ಬಿನ್ನಹ.

ನಮ್ಮ ಪಾಲು ಆ ಕಥೆಯಲ್ಲಿ ಆಗಲೇ ಉಂಟು. ಕ್ಸರ್ಕ್ಸೀಸನ ದಂಡಿನ ಪಟ್ಟಿಯನ್ನು ಕೊಡುವಾಗ ಹೆರೊಡೊಟಸನು ಭಾರತೀಯರನ್ನೂ ಹೆಸರಿಸಿದ್ದಾನೆ. ಅವರು ಹತ್ತಿಯ ಬಟ್ಟೆಯನ್ನು ಉಟ್ಟಿದ್ದರಂತೆ. ಬೆತ್ತದ ಬಿಲ್ಲು, ಕಬ್ಬಿಣದ ಮೊನೆಯುಳ್ಳ ಬೆತ್ತದ ಅಂಬು ಅವರ ಆಯುಧಗಳು. ಪಾರಸಿಕ ಸಾಮ್ರಾಜ್ಯಕ್ಕೆ ಸೇರಿದ್ದ ಸಿಂಧೂ ತೀರದ ಕಡೆಯವರಿರಬೇಕು. ಸಾಲಮಿಸಿನಲ್ಲಿ ಹಡಗುಗಳು ಮುರಿದ ಮೇಲೆ ಅರಸನು ಸೇನಾಪತಿಯಾದ ಮಾರ್ಡೋನಿಯಸನ ಕೈಕೆಳಗೆ ಒಂದು ಸೇನೆಯನ್ನು ಗ್ರೀಸ್ ದೇಶದಲ್ಲಿ ಬಿಟ್ಟು ತಾನು ಊರಿಗೆ ಹಿಂದಿರುಗಿದನು. ಹಾಗೆ ಬಿಟ್ಟುಬಂದವರಲ್ಲಿ ಈ ಹತ್ತಿಯ ಬಟ್ಟೆಯವರೂ ಇದ್ದರು. ಮರುವರ್ಷ, ಕ್ರಿ. ಪೂ. 479ರಲ್ಲಿ, ಪ್ಲಟೀಯ ಬಯಲಿನಲ್ಲಿ ಆ ಸೇನೆ ಹಾಳಾಯಿತು. ನಾಟಕ ನಡೆಯುವ ಹೊತ್ತಿಗೆ ಅವರು ಇನ್ನೂ ಬದುಕಿದ್ದಾರೆ. ಸೂಸಾ ನಗರದ ವೃದ್ಧರು, ಅಷ್ಟಾದರೂ ಸೇನೆ ಉಳಿದಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿರುವಾಗ, ದರಾಯಸನ ಪ್ರೇತವು ಅವರ ಕಡೆಗೆ ತಿರುಗಿ, ಅಲ್ಲಿ ಉಳಿದವರೂ ಮರಳಿ ಬರುವುದಿಲ್ಲವೆಂದು ಹೇಳಿ, ತನ್ನ ಗೋರಿಗೆ ಇಳಿದುಹೋಗುತ್ತದೆ.